ಇದೆ ಎಂಬುದೂ ಇದು ಎಂಬುದೂ

ಸಾಹಿತ್ಯ ಸಂಶೋಧನೆಯ ಸಂಚಿಕೆಯಲ್ಲಿ ಗಣಿತಕ್ಕೇನು ಕೆಲಸವೆಂದು ಕೇಳುವವರುಂಟು. ಉಮರಗಾ, ನಿಲಂಗಾ, ಉದಗೀರಗಳಿಗೆ ಬಹು ದೂರವಲ್ಲದ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ 9ನೆಯ ಶತಮಾನದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತ ಪದ್ಯದಲ್ಲಿಯೇ ರಚಿಸಿದರು. ಅದರ ಲೆಕ್ಕವೊಂದು ಹೀಗಿದೆ: ಒಂದೇ ಎಣಿಕೆಯ ಹಣ್ಣುಳ್ಳ 63 ಬಾಳೆಹಣ್ಣಿನ ರಾಶಿಗಳು, ಮೇಲೆ ಬಿಡಿಯಾಗಿ 7 ಹಣ್ಣು, ಎಲ್ಲವನ್ನೂ 23 ದಾರಿಗರು ಸಮನಾಗಿ ಹಂಚಿಕೊಂಡರು, ರಾಶಿಗೆ ಹಣ್ಣೆಷ್ಟು? 5 ಎಂದರೆ ಸರಿ, ತಲೆಗೆ 14. 28 ಎಂದರೂ ಸರಿ, ತಲೆಗೆ 77. ಉತ್ತರ ‘ಇದೆ’ ಎಂಬುದು ಒಂದು ಮಾತು. ‘ಇದು’ ಎಂದು ಬೆರಳಿಟ್ಟು ತೋರುವುದು ಬೇರೊಂದು.

ಈ ಭೇದವೇ ಈಚಿನ ಗಣಿತದಲ್ಲಿ ದೊಡ್ಡ ವಿಚಾರವಾಗಿದೆ. ಆಕೃತಿಯನ್ನು ಹರಿಯದೆ ಹಿಗ್ಗಿಸಿ ಬಗ್ಗಿಸಿದರೂ ಉಳಿಯುವ ಗುಣಗಳನ್ನು ಅರಸುವ ಶಾಸ್ತ್ರಕ್ಕೆ ಹೋಮೋಟೋಪಿ ಎಂದು ಹೆಸರು. 1950ರ ದಶಕದಲ್ಲಿ ಡೇನಿಯಲ್ ಕಾನ್ ಅವರು ಆಕೃತಿಗಳನ್ನು ಬಿಂದು, ರೇಖೆ, ತ್ರಿಕೋನ, ಚತುಷ್ಫಲಕಗಳ ಜೋಡಣೆಯಾಗಿ ಕಂಡು ಒಂದು ನಿಬಂಧನೆಯನ್ನು ಹೇಳಿದರು. ಉಮರಗಾದಿಂದ ನಿಲಂಗಾಕ್ಕೂ ನಿಲಂಗಾದಿಂದ ಉದಗೀರಕ್ಕೂ ಹಾದಿಯಿದ್ದರೆ, ಉಮರಗಾದಿಂದ ಉದಗೀರಕ್ಕೆ ಹಾದಿಯೊಂದಿರಬೇಕು, ನಡುವಿನ ತ್ರಿಕೋನವೂ ತುಂಬಿರಬೇಕು. ಮೇಲಣ ಆಯಾಮಗಳಲ್ಲಿಯೂ ಹೀಗೆಯೇ. ಯಾವ ಹಾದಿ ಎಂಬುದನ್ನು ಕಾನ್ ಹೇಳುವುದಿಲ್ಲ.

2011ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಥಾಮಸ್ ನಿಕೊಲೌಸ್ ಅವರು ಅದನ್ನು ಹೇಳಲು ಹೊರಟರು. ಪ್ರತಿಯೊಂದು ತೆರವಿಗೂ ತುಂಬುವ ತುಣುಕೊಂದನ್ನು ಮೊದಲೇ ಆಯ್ದು ಗೊತ್ತುಮಾಡಿಟ್ಟರೆ, ‘ಇದೆ’ ಎಂಬ ಹೇಳಿಕೆಯು ಕೂಡುವುದರಂತೆ ಒಂದು ಕ್ರಿಯೆಯಾಗುತ್ತದೆ. ಆಗ ಅದು ಬೀಜಗಣಿತ. ಇದರಿಂದ ಹೋಮೋಟೋಪಿಯ ದೃಷ್ಟಿಯಲ್ಲಿ ಏನೂ ಕಳೆಯುವುದಿಲ್ಲ, ಏನೂ ಕೂಡುವುದಿಲ್ಲ ಎಂದು ಅವರು ಸಾಧಿಸಿದ್ದಾರೆ.

ಆದರೆ ಬೆಲೆ ತೆರಬೇಕಾಗುತ್ತದೆ. ಒಂದೇ ಆಕೃತಿಯಲ್ಲಿ ಎರಡು ಬಗೆಯಾಗಿ ಆಯ್ದರೆ ಎರಡು ಬೇರೆ ವಸ್ತುಗಳಾಗುತ್ತವೆ. ಆಯ್ದದ್ದನ್ನು ಆಯ್ದದ್ದಕ್ಕೇ ಒಯ್ಯದ ಸಹಜ ಸಂಬಂಧಗಳು ಹೊರಗುಳಿಯುತ್ತವೆ. ಇದು ಬಿಗಿಯಾದ ಕಟ್ಟಳೆಯೇ ಸರಿ. ಆದರೂ ಒಂದೇ ತೆರವನ್ನು ತುಂಬುವ ಎರಡು ತುಣುಕುಗಳನ್ನು ಮೇಲಣ ಆಯಾಮದ ತುಣುಕೊಂದು ಬೆಸೆಯುವುದರಿಂದ ಆಯ್ಕೆಯಿಂದ ಅನ್ಯಾಯವಾಗದು. ಬಾಳೆಹಣ್ಣಿನ ಲೆಕ್ಕಕ್ಕೆ ಈ ಸೌಲಭ್ಯವಿಲ್ಲ. 5 ಐದೇ, 28 ಇಪ್ಪತ್ತೆಂಟೇ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ.

ನಿಕೊಲೌಸರ ಮಾರ್ಗದ ಹಿರಿಮೆ ಆಯ್ದುಕೊಂಡದ್ದರಲ್ಲಿ ಮಾತ್ರವಿಲ್ಲ, ಆಯ್ದೆವೆಂದು ಮುಚ್ಚಿಡದೆ ಹೇಳುವುದರಲ್ಲಿದೆ. ನಮ್ಮ ಪಾಠದಲ್ಲಿ ಇದೇ ಕೊರತೆ. 5 ಎಂದು ಹಲಗೆಯ ಮೇಲೆ ಬರೆದು ಮುಗಿಸಿದರೆ, 28 ಎಂದು ಬರೆದ ಮಗುವಿಗೆ ತಪ್ಪಿನ ಗೀಟು ಬೀಳುತ್ತದೆ. ಶಾಲೆಯಲ್ಲಿ ಮರಾಠಿ ಓದಿ ಮನೆಯಲ್ಲಿ ಕನ್ನಡವಾಡುವ ಮಗು ಅಂಥ ಗೀಟಿನಿಂದ ತನ್ನ ಬುದ್ಧಿಯನ್ನೇ ಶಂಕಿಸಬಹುದು. ಕನ್ನಡದಲ್ಲಿ ಉನ್ನತ ಗಣಿತಕ್ಕೆ ಪದಗಳಿಲ್ಲವೆಂಬ ಕೊರಗು ಹಳೆಯದು. ಈ ಮುಖ್ಯ ಭೇದಕ್ಕಂತೂ ‘ಇದೆ’, ‘ಇದು’ ಎಂಬ ಮನೆಯ ಮಾತುಗಳೇ ಸಾಕು.