ಹುಣ್ಣಿಮೆಯ ಹಬ್ಬಕ್ಕೆ ಗ್ರಹಣ ಬಂದಾಗ

2014ರ ಏಪ್ರಿಲ್ 15, ಅಕ್ಟೋಬರ್ 8. 2015ರ ಏಪ್ರಿಲ್ 4, ಸೆಪ್ಟೆಂಬರ್ 28. ಈ ನಾಲ್ಕು ದಿನ ನಾಲ್ಕು ಖಗ್ರಾಸ ಚಂದ್ರಗ್ರಹಣಗಳು ಸಾಲಾಗಿ ಬಂದವು. ವಸಂತದ ಎರಡು ಯೆಹೂದ್ಯರ ಪಸ್ಕಹಬ್ಬಕ್ಕೆ ಕೂಡಿದವು, ಶರತ್ಕಾಲದ ಎರಡು ಪರ್ಣಶಾಲೆಗಳ ಹಬ್ಬಕ್ಕೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪಾಸ್ಟರ್ ಮಾರ್ಕ್ ಬಿಲ್ಟ್ಸ್ ಇದನ್ನು ಕೆಲವು ವರ್ಷ ಮೊದಲೇ ಪತ್ತೆಹಚ್ಚಿ ಸಾರತೊಡಗಿದ್ದರು. ಟೆಕ್ಸಸ್‌ನ ಸಾನ್ ಆಂಟೋನಿಯೊದಲ್ಲಿ ದೊಡ್ಡ ಸಭೆಯೊಂದನ್ನು ನಡೆಸುವ ಜಾನ್ ಹೇಗಿ 2013ರಲ್ಲಿ ‘ಫೋರ್ ಬ್ಲಡ್ ಮೂನ್ಸ್’ ಬರೆದ ಮೇಲೆ ಮಾತು ಲೋಕಕ್ಕೆಲ್ಲ ಹಬ್ಬಿತು. ಚಂದ್ರ ರಕ್ತವಾಗುವನೆಂದು ಯೋವೇಲ ಹೇಳಿದ್ದಾನೆ, ಹಬ್ಬಗಳು ಕರ್ತನವೇ ಎಂದು ಯಾಜಕಕಾಂಡ ಹೇಳುತ್ತದೆ. ಎರಡೂ ಒಂದೇ ದಿನಕ್ಕೆ ನಾಲ್ಕು ಸಲ ಕೂಡಿದರೆ ಅದು ಕಾಕತಾಳೀಯವಾಗಿರಲಾರದು, ಆಕಾಶದಲ್ಲಿ ದೇವರೇ ಹಾಕಿದ ರುಜು ಎಂಬುದು ವಾದ.

ಕಾಕತಾಳೀಯವಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದಕ್ಕೆ ಕಾರಣ ಬೇರೆ.

ಯೆಹೂದಿ ಪಂಚಾಂಗ ನಮ್ಮ ಪಂಚಾಂಗದ ಹಾಗೆ ಚಂದ್ರನನ್ನು ಹಿಡಿದು ನಡೆಯುತ್ತದೆ, ಋತುಗಳು ತಪ್ಪದಿರಲೆಂದು 19 ವರ್ಷಕ್ಕೆ ಏಳು ಅಧಿಕಮಾಸ ಸೇರಿಸಿಕೊಳ್ಳುತ್ತದೆ. ಪಸ್ಕಹಬ್ಬ ನಿಸಾನ್ ತಿಂಗಳ 15ಕ್ಕೆ, ಪರ್ಣಶಾಲೆಗಳ ಹಬ್ಬ ತಿಶ್ರಿ ತಿಂಗಳ 15ಕ್ಕೆ. ಎರಡೂ ಹುಣ್ಣಿಮೆಯ ಹಬ್ಬಗಳು. ಚಂದ್ರಗ್ರಹಣ ಹುಣ್ಣಿಮೆಗಲ್ಲದೆ ಬೇರೆ ದಿನ ಆಗುವುದಿಲ್ಲ. ಇನ್ನು ನಡುವಣ ಅಂತರ ನೋಡಿ. ಪಸ್ಕದಿಂದ ಪರ್ಣಶಾಲೆಗೆ ಯಾವ ವರ್ಷವಾದರೂ 177 ದಿನ. ತಿಂಗಳುಗಳ ಉದ್ದವನ್ನು ಹಾಗೆ ಕಟ್ಟಿಟ್ಟಿದ್ದಾರೆ. ಆರು ಹುಣ್ಣಿಮೆಗಳ ಅಂತರವೂ 177 ದಿನಕ್ಕೆ ನಾಲ್ಕು ಗಂಟೆ ಹೆಚ್ಚು, ಅಷ್ಟೆ. ಚಂದ್ರ ರಾಹುವಿನ ಅಥವಾ ಕೇತುವಿನ ಬಿಂದುವಿನ ಸಮೀಪ ಹುಣ್ಣಿಮೆಯಾಗುವ ಗ್ರಹಣಕಾಲ ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ ಮರಳಿ ಬರುತ್ತದೆ. ಹೀಗಾಗಿ ನಾಲ್ಕು ಖಗ್ರಾಸಗಳ ಸಾಲೊಂದು ನಿಸಾನದ ಹುಣ್ಣಿಮೆಗೆ ಶುರುವಾಗಿ, ನಡುವೆ ಅಧಿಕಮಾಸ ಬೀಳದಿದ್ದರೆ, ಉಳಿದ ಮೂರು ಈ ಹಬ್ಬಗಳ ಮೇಲೆ ಬಂದೇ ಬರಬೇಕು. ಬಾರದಿದ್ದರೆ ಅದು ಅಚ್ಚರಿ.

ಇಂಥ ಜೋಡಿಯನ್ನು ನಾವೂ ಕಂಡಿದ್ದೇವೆ. 2022ರ ಮೇ 16ರ ಬುದ್ಧಪೂರ್ಣಿಮೆಯಂದು ಖಗ್ರಾಸ ಚಂದ್ರಗ್ರಹಣ. ಆರು ತಿಂಗಳು ಕಳೆದು ನವೆಂಬರ್ 8ರಂದು ಇನ್ನೊಂದು, ಅದು ಕಾರ್ತಿಕ ಹುಣ್ಣಿಮೆ. ಪಂಚಾಂಗ ತಿಳಿದ ಯಾರೂ ಇದನ್ನು ಬುದ್ಧನ ಕುರಿತ ಭವಿಷ್ಯವಾಣಿ ಎಂದು ಓದಲಿಲ್ಲ.

ಹೇಗಿಯವರ ವಾದದ ಬಲವೆಲ್ಲ ಇತಿಹಾಸದ ಮೂರು ಉದಾಹರಣೆಗಳ ಮೇಲೆ ನಿಂತಿದೆ. 1493–94ರ ಗ್ರಹಣಗಳು ಸ್ಪೇನಿನಿಂದ ಯೆಹೂದ್ಯರ ಉಚ್ಚಾಟನೆಗೆ, 1949–50ರವು ಇಸ್ರೇಲ್ ರಾಷ್ಟ್ರದ ಹುಟ್ಟಿಗೆ, 1967–68ರವು ಆರು ದಿನಗಳ ಯುದ್ಧಕ್ಕೆ ಗುರುತಂತೆ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಸ್ಪೇನಿನ ರಾಜಾಜ್ಞೆ ಹೊರಟದ್ದು 1492ರ ಮಾರ್ಚ್ 31ರಂದು. ಆ ವರ್ಷದ ಜುಲೈ ಮುಗಿಯುವಷ್ಟರಲ್ಲಿ ಜನ ಮನೆಮಠ ಬಿಟ್ಟು ಹೋಗಿ ಆಗಿತ್ತು. ಇಸ್ರೇಲ್ ಘೋಷಣೆಯಾದದ್ದು 1948ರ ಮೇ 14ರಂದು. ಎರಡು ಸಲವೂ ಮೊದಲ ಗ್ರಹಣ ಬಂದದ್ದು ಎಲ್ಲ ಮುಗಿದು ಎಷ್ಟೋ ತಿಂಗಳಾದ ಮೇಲೆ. 1967ರಲ್ಲಿ ಮಾತ್ರ ಮೊದಲ ಗ್ರಹಣ ಯುದ್ಧಕ್ಕಿಂತ ಆರು ವಾರ ಮುಂಚೆ ಆಯಿತು. ನಡೆದುಹೋದದ್ದನ್ನು ತಿಂಗಳುಗಟ್ಟಲೆ ಬಿಟ್ಟು ಹೇಳುವ ಗುರುತು ಯಾರನ್ನು ಎಚ್ಚರಿಸೀತು?

ಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದು ನನ್ನನ್ನು ಹೆಚ್ಚು ಕಲಕುತ್ತದೆ. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟರು. ಹಬ್ಬಗಳ ಮೇಲೆ ಬೀಳುವ ನಾಲ್ಕು ಗ್ರಹಣಗಳ ಸಾಲು ಆಗ ಇರಲಿಲ್ಲ. 1096ರಲ್ಲಿ ಶಿಲುಬೆಯ ಯೋಧರು ರೈನ್ ನದಿಯ ದಂಡೆಯ ಯೆಹೂದಿ ಊರುಗಳಲ್ಲಿ ಕೊಲೆಗೈಯುತ್ತ ಹೋದಾಗಲೂ ಇರಲಿಲ್ಲ. 1582ರಿಂದ 1908ರವರೆಗೆ ಇಂಥ ನಾಲ್ಕರ ಸಾಲು ಯಾವ ತಿಂಗಳಲ್ಲೂ ಒಂದೂ ಬಂದಿಲ್ಲ. ಉಕ್ರೇನಿನ 1648ರ ಹತ್ಯಾಕಾಂಡ, ರಷ್ಯಾದಲ್ಲಿ 1881ರಿಂದ ನಡೆದ ದಾಳಿಗಳು, 1903ರ ಕಿಶಿನೆವ್ ನಗರದ ಹತ್ಯೆಗಳು ಎಲ್ಲವೂ ಆ ಅವಧಿಯೊಳಗೇ ನಡೆದವು. ಕೊನೆಗೆ 1941ರಿಂದ 1945ರವರೆಗಿನ ಮಹಾಹತ್ಯೆ. ಅರವತ್ತು ಲಕ್ಷ ಯೆಹೂದ್ಯರು ಸತ್ತರು. ಅದಕ್ಕೆ ಮುಂಚಿನ ನಾಲ್ಕರ ಸಾಲು 1927–28ರದು, ಅನಂತರದ್ದು 1949–50ರದು. ಯೆಹೂದ್ಯರ ಸಲುವಾಗಿಯೇ ದೇವರು ಗ್ರಹಣಗಳ ಮೂಲಕ ಮಾತಾಡುತ್ತಾನೆಂದು ಸಾರುವವರು, ನಾಜಿಗಳ ಆಷ್ವಿಟ್ಸ್ ಶಿಬಿರದ ವರ್ಷಗಳಲ್ಲಿ ಅವನು ಯಾಕೆ ಸುಮ್ಮನಿದ್ದ ಎಂಬುದಕ್ಕೆ ಮೊದಲು ಉತ್ತರ ಕೊಡಬೇಕು. ಆ ಪ್ರಶ್ನೆಯನ್ನು ಎತ್ತದೆ 1493ನ್ನು ಸಂಭ್ರಮದಿಂದ ಎತ್ತಿ ತೋರಿಸುವುದು ಸತ್ತವರಿಗೆ ಮಾಡುವ ಅವಮಾನ.

ಇನ್ನೊಂದು ಸರಳ ಮಾತು. 2014–15ರ ನಾಲ್ಕು ಗ್ರಹಣಗಳಲ್ಲಿ ಮೊದಲ ಮೂರು ಆದಾಗ ಯೆರೂಸಲೇಮಿನಲ್ಲಿ ಹಗಲು, ಚಂದ್ರನೇ ಆಕಾಶದಲ್ಲಿರಲಿಲ್ಲ. ಕೊನೆಯದೊಂದು ಮಾತ್ರ ನಸುಕಿನಲ್ಲಿ ಕಂಡಿತು. ಇಸ್ರೇಲಿಗೆಂದು ಬರೆದ ಸಂದೇಶದ ಮುಕ್ಕಾಲು ಪಾಲು ಇಸ್ರೇಲಿಗೆ ತಲುಪಲೇ ಇಲ್ಲ.

ಹುಣ್ಣಿಮೆಯ ಈ ಲೆಕ್ಕ ಕ್ರೈಸ್ತ ಪರಂಪರೆಗೆ ಹೊಸದೇನಲ್ಲ. ಯೇಸು ಶಿಲುಬೆಯ ಮೇಲಿದ್ದಾಗ ಕವಿದ ಕತ್ತಲೆ ಸೂರ್ಯಗ್ರಹಣದಿಂದ ಆದದ್ದೆಂದು ಥಲ್ಲಸ್ ಎಂಬ ಇತಿಹಾಸಕಾರ ಬರೆದಿದ್ದ. ಮೂರನೆಯ ಶತಮಾನದ ಕ್ರೈಸ್ತ ಕಾಲಗಣಕ ಜೂಲಿಯಸ್ ಆಫ್ರಿಕಾನಸ್ ಅದನ್ನು ತಳ್ಳಿಹಾಕಿದ. ಪಸ್ಕಹಬ್ಬ ಹುಣ್ಣಿಮೆಗೆ ಬರುತ್ತದೆ, ಸೂರ್ಯಗ್ರಹಣ ಅಮಾವಾಸ್ಯೆಗಲ್ಲದೆ ಆಗದು, ಆದ್ದರಿಂದ ಆ ಮಾತು ನಿಲ್ಲದು ಎಂಬುದು ಅವನ ವಾದ. ಸುವಾರ್ತೆಗೆ ಹೊರಗಿನವನ ಸಾಕ್ಷಿ ಸಿಕ್ಕಿದಂತೆ ತೋರುತ್ತಿದ್ದರೂ ಲೆಕ್ಕ ತಪ್ಪೆಂದು ಕಂಡದ್ದಕ್ಕೆ ಅವನು ಅದನ್ನು ಬಿಟ್ಟುಕೊಟ್ಟ. ಅವನಿಗೆ ಗೊತ್ತಿದ್ದ ಸಂಗತಿ ನಮ್ಮ ಕಾಲದ ಬೋಧಕರಿಗೂ ಗೊತ್ತಿದೆ. ಪುಸ್ತಕದ ಮುನ್ನುಡಿಯಲ್ಲೇ ಹೇಳಬೇಕಾಗಿದ್ದ ಮಾತು ಅದು.

ಓದುಬರಹ ಇಲ್ಲದವರ ಮೂಢನಂಬಿಕೆ ಇದು ಎಂದು ಕೈಕೊಡವುವವರನ್ನೂ ನಾನು ಒಪ್ಪಲಾರೆ. ವಿಲಿಯಂ ಮಿಲ್ಲರ್ ನ್ಯೂಯಾರ್ಕಿನ ರೈತ, ಬೈಬಲಿನ ಕಾಲಗಣನೆಯ ಮೇಲೆ ವರ್ಷಗಟ್ಟಲೆ ದುಡಿದವನು. ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಎಣಿಸಿ 1843ರ ಸುಮಾರಿಗೆ ಬಂದು ನಿಂತ. ಆ ವರ್ಷ ಸುಮ್ಮನೆ ಕಳೆಯಿತು. 1844ರ ಆಗಸ್ಟಿನಲ್ಲಿ ಅವನ ಅನುಯಾಯಿ ಸ್ಯಾಮ್ಯುಯೆಲ್ ಸ್ನೋ ಎದ್ದುನಿಂತು, ಕರ್ತನು ಬರುವುದು ಏಳನೆಯ ತಿಂಗಳ ಹತ್ತನೆಯ ದಿನ, ಅಂದರೆ ದೋಷಪರಿಹಾರಕ ದಿನದಂದು ಎಂದ. ಯೆಹೂದ್ಯರು ಆ ವರ್ಷ ಆ ದಿನವನ್ನು ಆಚರಿಸಿದ್ದು ಸೆಪ್ಟೆಂಬರ್ 23ರಂದು. ಸ್ನೋ ಅದನ್ನು ಬಿಟ್ಟು, ಕರಾಯಿಟ್ ಎಂಬ ಯೆಹೂದಿ ಪಂಗಡದ ಎಣಿಕೆ ಎಂದು ಹೇಳಿ ಅಕ್ಟೋಬರ್ 22ನ್ನು ಆರಿಸಿಕೊಂಡ. ಹಬ್ಬ ಯಾವ ದಿನ ಎಂಬುದನ್ನು ಹಬ್ಬ ಮಾಡುವವರನ್ನೇ ಕೇಳದೆ ಹೊರಗಿನವರು ಗೊತ್ತುಮಾಡಿದರು. ಸಾವಿರಾರು ಜನ ಕಾದರು, ಕೆಲವರು ಬೆಳೆದ ಪೈರನ್ನು ಕೊಯ್ಯದೆ ಬಿಟ್ಟರು. ಅಕ್ಟೋಬರ್ 23ರ ಬೆಳಗ್ಗೆ ಎದ್ದವರ ಅಳು ಅಮೆರಿಕದ ಸಭಾ ಇತಿಹಾಸದಲ್ಲಿ ‘ಮಹಾ ನಿರಾಶೆ’ ಎಂದೇ ದಾಖಲಾಗಿದೆ.

1988ರಲ್ಲಿ ಎಡ್ಗರ್ ವಿಸನಂಟ್, ನಾಸಾದಲ್ಲಿ ಎಂಜಿನಿಯರ್ ಆಗಿದ್ದವರು, ಸಭೆ ಎತ್ತಲ್ಪಡುವುದು ಆ ಸೆಪ್ಟೆಂಬರಿನ ತುತೂರಿಗಳ ಹಬ್ಬಕ್ಕೇ ಎನ್ನಲು 88 ಕಾರಣ ಪಟ್ಟಿಮಾಡಿದರು. ಮರುವರ್ಷಕ್ಕೆ ಬೇರೆ ಲೆಕ್ಕ ತಂದರು. 2017ರ ಸೆಪ್ಟೆಂಬರ್ 23ರ ಕನ್ಯಾರಾಶಿಯ ಜೋಡಣೆಯನ್ನು ಬೇರೆ ಕೆಲವರು ಪ್ರಕಟನೆಯ 12ನೆಯ ಅಧ್ಯಾಯದ ಸ್ತ್ರೀ ಎಂದರು. ತಲೆಯ ಮೇಲೆ ಹನ್ನೆರಡು ನಕ್ಷತ್ರಗಳ ಕಿರೀಟ ಬೇಕಾಗಿದ್ದಕ್ಕೆ ಸಿಂಹರಾಶಿಯ ಹಲವಾರು ತಾರೆಗಳಿಂದ ಒಂಬತ್ತನ್ನು ಆರಿಸಿ ಮೂರು ಗ್ರಹಗಳನ್ನು ಸೇರಿಸಿದರು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಒಬ್ಬರ ಮಾತು ಮತ್ತೆ ತುತೂರಿಗಳ ಹಬ್ಬದ ಹೆಸರಿನಲ್ಲೇ ಫೋನಿನಿಂದ ಫೋನಿಗೆ ಹಾರಿತು.

ಆ ದಿನವನ್ನೂ ಗಳಿಗೆಯನ್ನೂ ಯಾರೂ ಅರಿಯರು ಎಂದು ಮತ್ತಾಯನ 24ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದಲ್ಲ ಎಂದು ಕೇಳಿದರೆ ಇವರ ಬಳಿ ಸಿದ್ಧ ಉತ್ತರವಿದೆ. ತುತೂರಿಗಳ ಹಬ್ಬ ಅಮಾವಾಸ್ಯೆಯ ಮರುಚಂದ್ರ ಕಂಡ ಮೇಲೆ ಶುರುವಾಗುವುದರಿಂದ ಅದರ ದಿನ ಮೊದಲೇ ತಿಳಿಯುತ್ತಿರಲಿಲ್ಲ, ಯೇಸು ಆ ಹಬ್ಬವನ್ನೇ ಗುಟ್ಟಾಗಿ ಸೂಚಿಸಿದ ಎನ್ನುತ್ತಾರೆ. ಅದೇ ವಾಕ್ಯದ ಮುಂದಿನ ಭಾಗ ಈ ಉಪಾಯವನ್ನು ಮುರಿಯುತ್ತದೆ. ದೇವದೂತರೂ ಅರಿಯರು, ಮಗನೂ ಅರಿಯನು, ತಂದೆಯೊಬ್ಬನೇ ಬಲ್ಲನು ಎಂದಿದೆ ಅಲ್ಲಿ. ಹೇಳುವವನೇ ಒಂದು ಹಬ್ಬವನ್ನು ಮನಸ್ಸಿನಲ್ಲಿಟ್ಟು ಹೇಳಿದ್ದರೆ ತನಗೂ ತಿಳಿಯದು ಎನ್ನುವುದು ಹೇಗೆ?

ಯೋವೇಲನ ಮಾತೂ ಹಾಗೆಯೇ. ರಕ್ತಚಂದ್ರದ ಆ ಪ್ರವಾದನೆಯನ್ನು ಹೊಸ ಒಡಂಬಡಿಕೆಯಲ್ಲಿ ಎತ್ತಿ ಹೇಳುವವನು ಪೇತ್ರ, ಪಂಚಾಶತ್ತಮ ದಿನದಂದು, ಯೆರೂಸಲೇಮಿನ ಜನರ ಎದುರು. ಅವರು ಕಣ್ಣಾರೆ ಕಾಣುತ್ತಿರುವ ಘಟನೆಯೇ ಆ ಪ್ರವಾದನೆ ಎಂಬುದು ಅವನ ಪ್ರಸಂಗದ ತಿರುಳು. ಅವನು ಅವರನ್ನು ಕರೆದದ್ದು ಪಶ್ಚಾತ್ತಾಪಕ್ಕೆ, ದೀಕ್ಷಾಸ್ನಾನಕ್ಕೆ. ಆ ಅಧ್ಯಾಯದ ಕೊನೆಯಲ್ಲಿ ನಂಬಿದವರು ಆಸ್ತಿ ಮಾರಿ ಇಲ್ಲದವರಿಗೆ ಹಂಚಿಕೊಟ್ಟರು. ಈ ಭಾಗವನ್ನು ನಾಲ್ಕು ಗ್ರಹಣಗಳ ಪುಸ್ತಕಗಳು ಓದಿಸುವುದಿಲ್ಲ.

ಇದೆಲ್ಲದರಿಂದ ಹಾನಿಯೇನು, ಜನ ಎಚ್ಚರವಾಗಿರುತ್ತಾರಲ್ಲ, ಪ್ರಾರ್ಥನೆ ಹೆಚ್ಚುತ್ತದಲ್ಲ ಎಂದು ಒಳ್ಳೆಯ ಮನಸ್ಸಿನ ಸಭೆಯ ಹಿರಿಯರೇ ಹೇಳುತ್ತಾರೆ. ಕರ್ತನ ಎರಡನೆಯ ಬರೋಣವನ್ನು ನಂಬುವವನು ನಾನು. ಆ ನಂಬಿಕೆಯ ಸಲುವಾಗಿಯೇ ಈ ಸಮಾಧಾನವನ್ನು ಒಪ್ಪಲಾರೆ. 2011ರ ಮೇ 21ಕ್ಕೆ ಕೊನೆ ಎಂದು ರೇಡಿಯೊದಲ್ಲಿ ಸಾರಿದ ಹೆರಲ್ಡ್ ಕ್ಯಾಂಪಿಂಗ್‌ರ ಮಾತು ನಂಬಿ ಕೆಲಸ ಬಿಟ್ಟವರಿದ್ದರು, ಉಳಿತಾಯವನ್ನೆಲ್ಲ ಸುರಿದವರಿದ್ದರು. ಮರುವರ್ಷ ಕ್ಯಾಂಪಿಂಗ್ ತಾವು ಮಾಡಿದ್ದು ಪಾಪವೆಂದು ಒಪ್ಪಿಕೊಂಡರು, ಅದು ಅವರ ದೊಡ್ಡತನ. ಖರ್ಚಾದ ದುಡ್ಡು ಮಾತ್ರ ಯಾರ ಮನೆಗೂ ಮರಳಲಿಲ್ಲ.

ಇದಕ್ಕಿಂತ ದೊಡ್ಡ ಹಾನಿ ಹಬ್ಬಗಳ ಒಡೆಯರಿಗೆ ಆಗುತ್ತದೆ. ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ಮಕ್ಕಳಿಗೆ ಕಥೆಯಾಗಿ ಹೇಳುತ್ತ, ಹುಳಿಯಿಲ್ಲದ ರೊಟ್ಟಿ ಮುರಿದು ತಿನ್ನುವ ರಾತ್ರಿ ಪಸ್ಕ. ಜೀವಂತ ಜನಾಂಗವೊಂದು ಈ ವರ್ಷವೂ ಅದನ್ನು ಆಚರಿಸುತ್ತದೆ. ಅಂತ್ಯಕಾಲದ ಲೆಕ್ಕಿಗರಿಗೆ ಅದು ಒಂದು ವೇಳಾಪಟ್ಟಿಯ ಗೆರೆ. ಆ ವೇಳಾಪಟ್ಟಿಯ ಮುಂದಿನ ಗೆರೆಗಳಲ್ಲಿ, ಜೆಕರ್ಯನ 13ನೆಯ ಅಧ್ಯಾಯವನ್ನು ಹಾಗೆ ಓದಿ, ಯೆಹೂದ್ಯರಲ್ಲಿ ಮೂರರಲ್ಲಿ ಎರಡು ಪಾಲು ಸಾಯುತ್ತಾರೆಂದು ಎಷ್ಟೋ ಬೋಧಕರು ಕಲಿಸುತ್ತಾರೆ. ಹಿಟ್ಲರನನ್ನು ಯೆರೆಮೀಯನ ಗ್ರಂಥದಲ್ಲಿ ದೇವರು ಕಳುಹಿಸುವ ಬೇಟೆಗಾರನಿಗೆ ಹೋಲಿಸಿದ್ದ ಹೇಗಿಯವರ ಹಳೆಯ ಪ್ರಸಂಗವೊಂದು 2008ರಲ್ಲಿ ಬೆಳಕಿಗೆ ಬಂದಾಗ, ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಮೆಕೇನ್ ಹೇಗಿಯವರ ಚುನಾವಣಾ ಬೆಂಬಲವನ್ನು ತಿರಸ್ಕರಿಸಿದರು. ತಮ್ಮ ಮಾತನ್ನು ತಪ್ಪಾಗಿ ಬಿಂಬಿಸಲಾಗಿದೆ ಎಂದು ಹೇಗಿ ಹೇಳಿದರು. ಇಸ್ರೇಲಿನ ಮೇಲೆ ಅವರಿಗಿರುವ ಅಭಿಮಾನ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಒಂದು ಜನಾಂಗದ ಸುಖದುಃಖವೆಲ್ಲ ನಮ್ಮ ಲೆಕ್ಕದ ಪುರಾವೆಯಾಗಿಯೇ ಕಾಣತೊಡಗಿದರೆ, ಅವರ ಸಾವಿಗೂ ಅರ್ಥ ಹಚ್ಚುವ ಕೆಲಸ ತಾನಾಗಿ ಶುರುವಾಗುತ್ತದೆ.

ಮುಂದಿನ ನಾಲ್ಕರ ಸಾಲು 2032–33ರಲ್ಲಿದೆ. 2032ರ ಎರಡು ಗ್ರಹಣಗಳು ಪಸ್ಕಕ್ಕೂ ಪರ್ಣಶಾಲೆಗಳ ಹಬ್ಬಕ್ಕೂ ಕೂಡುವುದಿಲ್ಲ. ಏಪ್ರಿಲ್ 25ರದು ಪಸ್ಕ ಕಳೆದು ಒಂದು ತಿಂಗಳಿಗೆ ಬರುತ್ತದೆ. ಅರಣ್ಯಕಾಂಡದ 9ನೆಯ ಅಧ್ಯಾಯದಲ್ಲಿ, ಅಶುದ್ಧರಾಗಿದ್ದವರಿಗೆಂದು ತಿಂಗಳ ತರುವಾಯ ಇಟ್ಟ ಎರಡನೆಯ ಪಸ್ಕ ಆ ದಿನಕ್ಕೇ ಬೀಳುವುದರಿಂದ ಅದನ್ನೂ ಯಾರಾದರೂ ಎಳೆದು ತರಬಹುದು. 2033ರ ಏಪ್ರಿಲ್ 14 ಮತ್ತು ಅಕ್ಟೋಬರ್ 8ರವು ನೇರವಾಗಿ ಎರಡೂ ಹಬ್ಬಗಳ ಮೇಲೆಯೇ ಇವೆ. ಯೇಸುವಿನ ಮರಣ ಕ್ರಿ.ಶ. 33ರಲ್ಲಿ ಆಯಿತೆಂದು ಎಣಿಸುವವರಿಗೆ ಅದು ಎರಡು ಸಾವಿರ ವರ್ಷ ತುಂಬುವ ಪಸ್ಕ. ಆ ಏಪ್ರಿಲಿನ ಗ್ರಹಣ ಯೆರೂಸಲೇಮಿನಲ್ಲಿ ರಾತ್ರಿ ಹತ್ತರ ಸುಮಾರಿಗೆ, ಕರ್ನಾಟಕದಲ್ಲಿ ನಡುರಾತ್ರಿ ದಾಟಿದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಆಗ ಬರುವ ಪುಸ್ತಕಗಳನ್ನೂ ವಿಡಿಯೊಗಳನ್ನೂ ಊಹಿಸುವುದು ಕಷ್ಟವಲ್ಲ. ನಮ್ಮ ಕನ್ನಡ ಸಭೆಗಳ ಬೋಧಕರು ಅಲ್ಲಿಯವರೆಗೆ ಕಾಯಬಾರದು. ಪಸ್ಕಹಬ್ಬ ಹುಣ್ಣಿಮೆಗೆ ಯಾಕೆ ಬರುತ್ತದೆ, 177 ದಿನದ ಲೆಕ್ಕವೇನು, 1844ರಲ್ಲಿ ಏನಾಯಿತು ಎಂಬುದನ್ನು ಭಾನುವಾರದ ಶಾಲೆಯ ಮಕ್ಕಳಿಗೆ ಈ ವರ್ಷವೇ ಕಲಿಸಬೇಕು. 2033ರಲ್ಲಿ ದೊಡ್ಡವರಾಗಿ ಮನೆಯ ದುಡ್ಡು, ಕೆಲಸಗಳ ನಿರ್ಧಾರ ಮಾಡುವವರು ಅವರೇ.