ಆಂಗ್ಲ ಸಾಹಿತ್ಯದಲ್ಲಿ ಪಾನಗೃಹ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಅಂಗವೆಂದು ವಿಧಿಸಿದ ಲಾಕ್ಷಣಿಕರು ಮಧುಪಾನವನ್ನೂ ಅವುಗಳಲ್ಲಿ ಒಂದನ್ನಾಗಿ ಎಣಿಸಿದರು. ಆದುದರಿಂದ ಹಳಗನ್ನಡ ಕಾವ್ಯಗಳ ಪರಿಚಯವುಳ್ಳ ವಾಚಕರಿಗೆ ಪಾನಗೋಷ್ಠಿಯೆಂಬುದು ಹೊಸ ವಸ್ತುವೇನೂ ಅಲ್ಲ. ಪಂಪನ ವಿಕ್ರಮಾರ್ಜುನವಿಜಯದಲ್ಲಿಯೂ ಅದರ ಚಿತ್ರವುಂಟು. ಆದರೆ ಈ ಕಾವ್ಯಗಳಲ್ಲಿ ಮಧುವು ಬಹುಮಟ್ಟಿಗೆ ಶೃಂಗಾರದ ಪರಿವಾರಕ್ಕೆ ಸೇರಿದುದು. ಚಂದ್ರೋದಯ, ವನವಿಹಾರ, ಜಲಕ್ರೀಡೆಗಳ ಸಾಲಿನಲ್ಲಿ ಅದೂ ಒಂದು ಉದ್ದೀಪನ. ಆಂಗ್ಲ ಸಾಹಿತ್ಯದಲ್ಲಿ ಪಾನದ ನಂಟು ಬೇರೆ. ಅಲ್ಲಿ ಅದು ಸಖ್ಯದ ಪರಿವಾರಕ್ಕೆ ಸೇರಿದುದು; ಅದರ ಸ್ಥಾನ ಉದ್ಯಾನವಲ್ಲ, ಬೀದಿಯ ಮಗ್ಗುಲಿನ ಪಾನಗೃಹ; ಅದರ ಫಲ ಪ್ರಣಯವಲ್ಲ, ಮಾತು.

ಈ ಪಾನಗೃಹವನ್ನು ಇಂಗ್ಲಿಷರು ಪಬ್ಲಿಕ್ ಹೌಸ್ ಎಂದೂ, ಬಳಕೆಯಲ್ಲಿ ಅದನ್ನೇ ಮೊಟಕುಮಾಡಿ ಪಬ್ ಎಂದೂ ಕರೆಯುವರು. ಹೆಸರಿನ ಅರ್ಥ 'ಸಾರ್ವಜನಿಕರ ಮನೆ'. ವಿಷಯದ ಸ್ವಾರಸ್ಯವೆಲ್ಲ ಈ ಎರಡು ಪದಗಳ ವಿರೋಧದಲ್ಲಿಯೇ ಅಡಗಿದೆ. ಮನೆಯೆಂದರೆ ಒಬ್ಬನ ಸ್ವತ್ತು. ಸಾರ್ವಜನಿಕವೆಂದರೆ ಯಾರೊಬ್ಬರದೂ ಅಲ್ಲ. ಹಾಗೆ ಯಾರದೂ ಅಲ್ಲದ ಮನೆಯಲ್ಲಿ ನಾಲ್ವರು ಗೆಳೆಯರು ಕುಳಿತಾಗ ಅತಿಥಿ ಯಾರು, ಆತಿಥೇಯ ಯಾರು ಎಂಬ ಭೇದ ಅಳಿಯುತ್ತದೆ. ಮದ್ಯದ ಹೆಸರೆತ್ತಿದೊಡನೆ ಮುಖ ತಿರುಗಿಸುವ ಗೃಹಸ್ಥರು ಕನ್ನಡನಾಡಿನಲ್ಲಿ ಬಹುಮಂದಿ. ಅವರ ಅಸಮ್ಮತಿಗೆ ಕಾರಣವಿಲ್ಲದೆಯೂ ಇಲ್ಲ. ಆದರೆ ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಓದಿ ಮೆಚ್ಚಿದ ಮನೆಗಳಲ್ಲಿ ಹೆಂಡದ ರುಚಿ ತಿಳಿದವರು ಎಷ್ಟು ಮಂದಿ? ಸಹೃದಯತೆಗೆ ಆ ಅನುಭವ ಅವಶ್ಯವಲ್ಲ. ಪಾನಗೃಹದ ಸಾಹಿತ್ಯವನ್ನು ಓದುವಾಗ ಕೇಳಬೇಕಾದ ಪ್ರಶ್ನೆ ಬೇರೆಯದು: ಅಲ್ಲಿ ಕಾಣುವ ಸ್ನೇಹ ನಿಜವಾದ ಸ್ನೇಹವೇ, ಅಥವಾ ಬಟ್ಟಲು ಬರಿದಾದೊಡನೆ ಬರಿದಾಗುವಂತಹುದೇ?

ಈ ಸಾಹಿತ್ಯದ ಹೆಬ್ಬಾಗಿಲಿನಲ್ಲಿ ನಿಂತಿರುವವನು ಚಾಸರ್ ಕವಿ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ರಚಿತವಾದ ಅವನ 'ಕ್ಯಾಂಟರ್ಬರಿ ಕಥೆಗಳು' ಆರಂಭವಾಗುವುದು ಥೇಮ್ಸ್ ನದಿಯ ದಕ್ಷಿಣದ ಸದರ್ಕ್ ಪೇಟೆಯ ಟ್ಯಾಬರ್ಡ್ ಎಂಬ ಪಾಂಥಶಾಲೆಯಲ್ಲಿ. ಅಲ್ಲಿ ಒಂದು ರಾತ್ರಿ ತಂಗಿದ ಯಾತ್ರಿಕರಿಗೆ ಪಾಂಥಶಾಲೆಯ ಯಜಮಾನ ಹ್ಯಾರಿ ಬೇಲಿಯು ಒಂದು ಪಣವನ್ನೊಡ್ಡುತ್ತಾನೆ: ದಾರಿಯುದ್ದಕ್ಕೂ ಎಲ್ಲರೂ ಕಥೆ ಹೇಳಬೇಕು; ಉತ್ತಮ ಕಥೆ ಹೇಳಿದವನಿಗೆ ಮರಳಿ ಬಂದಮೇಲೆ ಇಲ್ಲಿಯೇ ಉಳಿದವರ ಖರ್ಚಿನಲ್ಲಿ ಊಟ. ಮೊದಲು ಕಥೆ ಹೇಳುವವನು ಕುಲೀನನಾದ ವೀರಯೋಧ. ಎರಡನೆಯ ಸರದಿಯನ್ನು ಯಜಮಾನನು ಮರ್ಯಾದೆಯ ಕ್ರಮದಂತೆ ಸಂನ್ಯಾಸಿಗೆ ಕೊಡಲು ಹೊರಟಾಗ ಕುಡಿದು ಅಮಲೇರಿದ ಹಿಟ್ಟಿನ ಗಿರಣಿಯವನು ಅಡ್ಡಬಂದು, ತನ್ನ ಕಥೆ ಕೇಳದಿದ್ದರೆ ಹೊರಟೇಹೋಗುವೆನೆಂದು ಹಟ ಹಿಡಿಯುತ್ತಾನೆ. ಅವನ ಹಟವೇ ಗೆಲ್ಲುತ್ತದೆ. ಇದನ್ನು ಬರಿಯ ಹಾಸ್ಯವೆಂದೆಣಿಸುವುದು ತಪ್ಪು. ದೇವಾಲಯದಲ್ಲಿಯೂ ರಾಜಸಭೆಯಲ್ಲಿಯೂ ಯಾವ ಶ್ರೇಣಿಯನ್ನು ಮುರಿಯುವುದು ಅಸಾಧ್ಯವೋ ಅದು ಪಾನಗೃಹದಿಂದ ಹೊರಟ ಗುಂಪಿನಲ್ಲಿ ಎರಡನೆಯ ಕಥೆಗೇ ಮುರಿದುಬೀಳುತ್ತದೆ. ಕಾವ್ಯದ ವೈವಿಧ್ಯವೆಲ್ಲಕ್ಕೂ ಅಲ್ಲಿಯೇ ದಾರಿ ತೆರೆಯುತ್ತದೆ.

ಟ್ಯಾಬರ್ಡ್ ಇಂದು ಇಲ್ಲ. ೧೬೭೬ರ ಸದರ್ಕ್ ಬೆಂಕಿಯಲ್ಲಿ ಸುಟ್ಟು, ಮತ್ತೆ ಕಟ್ಟಲ್ಪಟ್ಟು, ೧೮೭೩ರಲ್ಲಿ ನೆಲಸಮವಾಯಿತು. ಆದರೆ ಅದರ ನೆರೆಯಲ್ಲಿಯೇ, ಅದೇ ಬೆಂಕಿಯ ಮರುವರ್ಷ ಮರಳಿ ಕಟ್ಟಿದ ಜಾರ್ಜ್ ಎಂಬ ಪಾಂಥಶಾಲೆಯ ಒಂದು ಪಾರ್ಶ್ವ ಉಳಿದಿದೆ. ಅಂಗಳದ ಮೇಲೆ ಬಾಗಿದಂತಿರುವ ಮರದ ಮೊಗಸಾಲೆಗಳುಳ್ಳ ಈ ಬಗೆಯ ಕಟ್ಟಡ ಲಂಡನ್ನಿನಲ್ಲಿ ಇದೊಂದೇ ಉಳಿದುದು. ೧೯೩೭ರಲ್ಲಿ ಇದು ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಬಂದಿತು. ಗೆಳೆಯರು ಗುಂಪುಗೂಡಿ ಇಂತಹ ಹಳೆಯ ಮನೆಗಳನ್ನು ಹುಡುಕಿಕೊಂಡು ಹೋಗುವುದು ಇಂಗ್ಲೆಂಡಿನಲ್ಲಿ ಒಂದು ಪ್ರಿಯವಾದ ವಿಹಾರ. ಒಂದು ಸಂಜೆ ನದೀತೀರದ ಮನೆ, ಮತ್ತೊಂದು ಸಂಜೆ ಹಳ್ಳಿಯ ಹಸುರಿನ ಮಗ್ಗುಲಿನದು, ಇನ್ನೊಂದು ಸಂಜೆ ವಿಕ್ಟೋರಿಯ ರಾಣಿಯ ಕಾಲದ ಕೆತ್ತನೆಯ ಕನ್ನಡಿಗಳು ಹೊಳೆಯುವ ಪಟ್ಟಣದ ಮನೆ. ಪಾನೀಯ ಒಂದೇ ಆದರೂ ಮನೆಯ ಮಾಟ ಬೇರೆಯಾದಾಗ ಮಾತಿನ ಧಾಟಿಯೂ ಬೇರೆಯಾಗುತ್ತದೆ. ತಗ್ಗಿದ ತೊಲೆಯ ಕೆಳಗೆ ಕುಳಿತವರು ತಗ್ಗಿದ ದನಿಯಲ್ಲಿ ಮಾತನಾಡುವರು; ತಮಗಿಂತ ಮೊದಲು ಅಲ್ಲಿ ಕುಳಿತು ಎದ್ದುಹೋದವರ ನೆನಪು ಅವರ ನಡುವೆ ಮತ್ತೊಬ್ಬ ಗೆಳೆಯನಂತೆ ಬಂದು ಕೂಡುತ್ತದೆ.

ಈ ವಿಹಾರದ ಸುಖವನ್ನೂ ನಿರಾಶೆಯನ್ನೂ ಪ್ರಬಂಧವನ್ನಾಗಿ ಮಾಡಿದವನು ಅಮೆರಿಕದ ವಾಷಿಂಗ್ಟನ್ ಇರ್ವಿಂಗ್. ೧೮೧೯–೨೦ರಲ್ಲಿ ಪ್ರಕಟವಾದ ಅವನ 'ಸ್ಕೆಚ್ ಬುಕ್' ಗ್ರಂಥದಲ್ಲಿ ಷೇಕ್ಸ್‌ಪಿಯರನ ಫಾಲ್‌ಸ್ಟಾಫ್ ನಲಿದಾಡಿದ ಈಸ್ಟ್‌ಚೀಪಿನ ಬೋರ್ಸ್ ಹೆಡ್ ಪಾನಗೃಹವನ್ನು ಹುಡುಕಿಕೊಂಡು ಹೋದ ಕಥೆಯಿದೆ. ಹಳೆಯ ಕಟ್ಟಡ ೧೬೬೬ರ ಮಹಾಗ್ನಿಗೆ ಆಹುತಿಯಾಗಿತ್ತು; ಅನಂತರ ಕಟ್ಟಿದುದೂ ಅವನು ಹೋಗುವ ವೇಳೆಗೆ ಪಾನಗೃಹವಾಗಿ ಉಳಿದಿರಲಿಲ್ಲ; ೧೮೩೧ರಲ್ಲಿ ಅದನ್ನೂ ಕೆಡವಿದರು. ವಿಚಿತ್ರವೇನೆಂದರೆ, ನಾಟಕದ ಪಾತ್ರಗಳು ಆ ಮನೆಯ ಹೆಸರನ್ನು ಎಲ್ಲಿಯೂ ಸ್ಪಷ್ಟವಾಗಿ ಉಚ್ಚರಿಸುವುದಿಲ್ಲ. ಅಭಿಮಾನಿಗಳು ಯಾತ್ರೆ ಹೋದುದು ಕವಿಯು ಹೆಸರಿಸದ ಒಂದು ಕ್ಷೇತ್ರಕ್ಕೆ.

ಆ ನಾಟಕವಾದ 'ನಾಲ್ಕನೆಯ ಹೆನ್ರಿ'ಯಲ್ಲಿ ಪಾನಗೃಹದ ಸ್ನೇಹಕ್ಕೆ ಕಠಿನವಾದ ಪರೀಕ್ಷೆ ನಡೆಯುತ್ತದೆ. ಮುಂದೆ ರಾಜನಾಗಬೇಕಾದ ಹ್ಯಾಲ್ ಕುಮಾರನೂ ಮುದಿಯ, ಸ್ಥೂಲಕಾಯದ, ಸುಳ್ಳುಗಾರನಾದ ಫಾಲ್‌ಸ್ಟಾಫನೂ ಒಂದು ರಾತ್ರಿ ಆಟಕ್ಕಾಗಿ ರಾಜನ ಪಾತ್ರವನ್ನು ಸರದಿಯಂತೆ ವಹಿಸುತ್ತಾರೆ. ಎಲ್ಲರನ್ನೂ ದೂರಮಾಡಿದರೂ ತನ್ನನ್ನು ಮಾತ್ರ ದೂರಮಾಡಬಾರದೆಂದು ಫಾಲ್‌ಸ್ಟಾಫ್ ನಗುನಗುತ್ತಲೇ ಬೇಡಿಕೊಂಡಾಗ, ದೂರಮಾಡಿಯೇ ತೀರುವುದಾಗಿ ಕುಮಾರನು ಕೊಡುವ ಉತ್ತರ ಅತಿ ಚಿಕ್ಕದು. ನಗೆಯ ನಡುವೆ ಬಿದ್ದ ಆ ಮಾತಿನ ತಂಪು ರಂಗದ ಮೇಲೆಲ್ಲ ಹರಡುತ್ತದೆ. ಅನಂತರ ನಿದ್ರಿಸುತ್ತಿರುವ ಫಾಲ್‌ಸ್ಟಾಫನ ಜೇಬಿನಿಂದ ಪಾನಗೃಹದ ಲೆಕ್ಕದ ಚೀಟಿ ಹೊರಬರುತ್ತದೆ; ಅದರಲ್ಲಿ ಮದ್ಯ ಎರಡು ಗ್ಯಾಲನ್, ರೊಟ್ಟಿ ಅರ್ಧ ಪೆನ್ನಿಯದು. ಎರಡನೆಯ ಭಾಗದ ಕೊನೆಯಲ್ಲಿ ಕಿರೀಟ ಧರಿಸಿದ ಗೆಳೆಯನು ಈ ಮುದುಕನನ್ನು ಬೀದಿಯಲ್ಲಿ ಎಲ್ಲರೆದುರು ನಿರಾಕರಿಸುತ್ತಾನೆ. 'ಐದನೆಯ ಹೆನ್ರಿ'ಯಲ್ಲಿ ಫಾಲ್‌ಸ್ಟಾಫನ ಮರಣವನ್ನು ಕಣ್ಣೀರು ತರುವಂತೆ ವರ್ಣಿಸುವವಳು ಆ ಪಾನಗೃಹದ ಒಡತಿಯೇ. ತನಗೆ ಹಣ ಬಾಕಿ ಉಳಿಸಿದವನ ಹಾಸಿಗೆಯ ಬಳಿ ಕಡೆಯವರೆಗೆ ಇದ್ದವಳು ಅವಳು. ಸ್ನೇಹ ಸುಳ್ಳೇ ಎಂಬ ಪ್ರಶ್ನೆಗೆ ಷೇಕ್ಸ್‌ಪಿಯರನು ಒಂದೇ ಉತ್ತರ ಕೊಡುವುದಿಲ್ಲ: ರಾಜಕುಮಾರನಿಗೆ ಅದೊಂದು ವಿಹಾರವಾಗಿದ್ದಿತು, ಒಡತಿಗೆ ನಿಜವಾಗಿದ್ದಿತು.

ಸ್ನೇಹದ ಪರವಾಗಿ ಪೂರ್ಣ ಸಾಕ್ಷ್ಯ ನುಡಿಯುವವನು ಡಾಕ್ಟರ್ ಜಾನ್ಸನ್. ೧೭೬೩ರಲ್ಲಿ ಅವನ ಪರಿಚಯವಾದ ಬಾಸ್‌ವೆಲ್, ಫ್ಲೀಟ್ ಬೀದಿಯ ಮೈಟರ್ ಪಾನಗೃಹದಲ್ಲಿ ಅವನೊಡನೆ ಕಳೆದ ರಾತ್ರಿಗಳನ್ನು ೧೭೯೧ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಜೀವಕಳೆಯೊಡನೆ ಉಳಿಸಿದನು. ಚಿತ್ರಕಾರ ರೆನಾಲ್ಡ್ಸ್ ೧೭೬೪ರಲ್ಲಿ ಸೂಚಿಸಿದ ಗೋಷ್ಠಿಯೊಂದು ಜೆರಾರ್ಡ್ ಬೀದಿಯ ಟರ್ಕ್ಸ್ ಹೆಡ್ ಎಂಬಲ್ಲಿ ಸೇರತೊಡಗಿತು; ಜಾನ್ಸನ್, ಬರ್ಕ್, ಗೋಲ್ಡ್‌ಸ್ಮಿತ್ ಮೊದಲಾದ ಒಂಬತ್ತು ಮಂದಿ ಅದರ ಮೊದಲ ಸದಸ್ಯರು. ಖಾಸಗಿ ಮನೆಯಲ್ಲಿ ಆತಿಥೇಯನಿಗೆ ಮೆಚ್ಚಿಸುವ ಕಳವಳ, ಅತಿಥಿಗೆ ಮೆಚ್ಚುವ ಕಳವಳ. ಪಾನಗೃಹದಲ್ಲಿಯಾದರೋ ಹೆಚ್ಚು ಕೇಳಿದಷ್ಟೂ ಹೆಚ್ಚು ಸ್ವಾಗತವೆಂದು ಜಾನ್ಸನ್ ೧೭೭೬ರಲ್ಲಿ ವಾದಿಸಿದುದುಂಟು. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ. ಇದನ್ನು ನುಡಿದವನು ತನ್ನ ಬಾಳಿನ ಅನೇಕ ವರ್ಷಗಳನ್ನು ಮದ್ಯವನ್ನು ಮುಟ್ಟದೆ, ಚಹದ ಬಟ್ಟಲುಗಳನ್ನು ಒಂದಾದಮೇಲೊಂದು ಬರಿದುಮಾಡುತ್ತ ಕಳೆದವನು. ಪಾನಗೃಹದ ಅತ್ಯಂತ ಸಮರ್ಥ ವಕೀಲನು ಪಾನವರ್ಜಿತನೂ ಆಗಿದ್ದನೆಂಬುದೇ ಅವನ ವಾದಕ್ಕೆ ಬಲ. ಅವನಿಗೆ ಬೇಕಾದುದು ಮಾತು. ಏಕಾಂತದಲ್ಲಿ ವಿಷಾದಕ್ಕೀಡಾಗುತ್ತಿದ್ದ ಆ ಮಹಾಪುರುಷನಿಗೆ ಗೆಳೆಯರ ದನಿಯೇ ಔಷಧವಾಗಿದ್ದಿತು. ಮಹಾಗ್ನಿಯ ಮರುವರ್ಷ ಕಟ್ಟಿದ ಚೆಷೈರ್ ಚೀಸ್ ಎಂಬ ಪಾನಗೃಹ ಫ್ಲೀಟ್ ಬೀದಿಯ ಮಗ್ಗುಲಿನ ಓಣಿಯಲ್ಲಿ ಇಂದಿಗೂ ಇದೆ. ಅವನ ಮನೆಗೆ ಕೂಗಳತೆಯ ದೂರ. ಅವನು ಅಲ್ಲಿಗೆ ಬರುತ್ತಿದ್ದನೆಂಬ ಪ್ರತೀತಿಗೆ ಬಾಸ್‌ವೆಲ್ಲನ ಗ್ರಂಥದಲ್ಲಿ ಆಧಾರವಿಲ್ಲ. ಆದರೂ ಜನ ಅವನನ್ನು ನೆನೆಯಲು ಅಲ್ಲಿಗೇ ಹೋಗುತ್ತಾರೆ.

ಡಿಕನ್ಸ್ ಈ ಪರಂಪರೆಯ ಉದಾರ ಉತ್ತರಾಧಿಕಾರಿ. ೧೮೩೬–೩೭ರಲ್ಲಿ ಸಂಚಿಕೆಗಳಾಗಿ ಬಂದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಪಿಕ್‌ವಿಕ್ ಮಹಾಶಯನು ತನ್ನ ಗೆಳೆಯರೊಡನೆ ಪಾಂಥಶಾಲೆಯಿಂದ ಪಾಂಥಶಾಲೆಗೆ ಸಂಚರಿಸುವುದೇ ಕಥೆ. ಅವನು ತಣ್ಣನೆಯ ಪಂಚ್ ಕುಡಿದು ಕೈಬಂಡಿಯಲ್ಲಿ ನಿದ್ರೆಹೋಗಿ, ಬೀಡಾಡಿ ದನಗಳನ್ನು ಕೂಡುವ ದೊಡ್ಡಿಗೆ ಸಾಗಿಸಲ್ಪಡುವ ಪ್ರಸಂಗವನ್ನು ಓದಿ ನಗದವರಿಲ್ಲ. ಆದರೆ ವಿಮರ್ಶಕನು ಇಲ್ಲಿ ಒಂದು ಕೊರತೆಯನ್ನು ಎತ್ತಿ ಹೇಳಲೇಬೇಕು: ಈ ಕಾದಂಬರಿಯ ಪಾನಗೃಹಗಳಲ್ಲಿ ಸುಖಕ್ಕೆ ತೆರಬೇಕಾದ ಬೆಲೆ ಕಣ್ಣಿಗೆ ಬೀಳುವುದು ಅಪೂರ್ವ. ಫಾಲ್‌ಸ್ಟಾಫನ ಜೇಬಿನಲ್ಲಿದ್ದ ಚೀಟಿ ಇಲ್ಲಿ ಕಳೆದುಹೋಗಿದೆ. ೧೭೫೧ರಲ್ಲಿಯೇ ಹೋಗಾರ್ಥನು 'ಜಿನ್ ಲೇನ್' ಎಂಬ ಚಿತ್ರದಲ್ಲಿ, ಅಮಲಿನಲ್ಲಿ ಮೈಮರೆತ ತಾಯಿಯ ತೋಳಿನಿಂದ ಕೂಸು ಜಾರಿಬೀಳುವುದನ್ನು ಕೆತ್ತಿ ತೋರಿಸಿದ್ದನು. ಆ ಕೂಸನ್ನು ಮರೆತ ಪಾನಗೃಹದ ವರ್ಣನೆ ಎಷ್ಟು ಮಧುರವಾದರೂ ಅರ್ಧ ಸತ್ಯವೇ. ಡಿಕನ್ಸನೂ ಇದನ್ನು ಅರಿಯದವನಲ್ಲ. ೧೮೬೪–೬೫ರ 'ಅವರ್ ಮ್ಯೂಚುವಲ್ ಫ್ರೆಂಡ್' ಕಾದಂಬರಿಯಲ್ಲಿ ಥೇಮ್ಸ್ ದಡದ ಪಾನಗೃಹದ ಒಡತಿ ಆ್ಯಬಿ ಪಾಟರ್ಸನ್, ಗಂಟೆಯಾದೊಡನೆ ಗಿರಾಕಿಗಳನ್ನು ಶಾಲೆಯ ಮಕ್ಕಳಂತೆ ಮನೆಗೆ ಅಟ್ಟುತ್ತಾಳೆ. ಮನೆಯಲ್ಲಿ ಕಾದಿರುವವರ ನೆನಪು ಅವಳಿಗುಂಟು. ಪಿಕ್‌ವಿಕ್ಕನ ನಗೆಗಿಂತ ಅವಳ ಗದರಿಕೆಯಲ್ಲಿ ಪಾನಗೃಹದ ಧರ್ಮ ಹೆಚ್ಚು ಪೂರ್ಣವಾಗಿ ವ್ಯಕ್ತವಾಗಿದೆ.

ಈ ಸಾಲಿನಲ್ಲಿ ಕಡೆಗೆ ನೆನೆಯಬೇಕಾದವನು ೧೯೦೩ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್. ೧೯೪೬ರ ಫೆಬ್ರವರಿಯಲ್ಲಿ ಲಂಡನ್ನಿನ ಒಂದು ಸಂಜೆಪತ್ರಿಕೆಗೆ ಬರೆದ 'ದಿ ಮೂನ್ ಅಂಡರ್ ವಾಟರ್' ಎಂಬ ಪುಟ್ಟ ಪ್ರಬಂಧದಲ್ಲಿ ಅವನು ತನ್ನ ಮೆಚ್ಚಿನ ಪಾನಗೃಹವನ್ನು ಬಣ್ಣಿಸಿದನು. ಅಲ್ಲಿ ರೇಡಿಯೋ ಇಲ್ಲ, ಪಿಯಾನೋ ಇಲ್ಲ, ಮಾತನಾಡುವಷ್ಟು ನಿಶ್ಶಬ್ದವಿದೆ. ಬಡಿಸುವ ಹೆಂಗಸರು ಬಂದವರನ್ನೆಲ್ಲ ಬಲ್ಲರು. ಹಿಂದೆ ತೋಟವಿದೆ; ಆದಕಾರಣ ಹೆಂಡತಿಯೂ ಮಕ್ಕಳೂ ಜೊತೆಯಲ್ಲಿಯೇ ಬರಬಹುದು. ಇಷ್ಟನ್ನೂ ಹೇಳಿ, ಅಂತಹ ಪಾನಗೃಹವೇ ಇಲ್ಲವೆಂದು ಕೊನೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಹತ್ತು ಗುಣಗಳಲ್ಲಿ ಎಂಟನ್ನು ಪಡೆದುದೊಂದನ್ನು ಮಾತ್ರ ಅವನು ಕಂಡಿದ್ದನು. ಮುಂದೆ ವ್ಯಾಪಾರಸಂಸ್ಥೆಯೊಂದು ಅದೇ ಹೆಸರಿನ ಪಾನಗೃಹಗಳನ್ನು ಹಲವು ಊರುಗಳಲ್ಲಿ ತೆರೆಯಿತು. ಹೆಸರನ್ನು ಕೊಂಡು ತರಬಹುದು. ಉಳಿದೆರಡು ಗುಣಗಳನ್ನು ತರುವ ಬಗೆ ಯಾವುದು?

ಆರ್ವೆಲ್ಲನ ಪ್ರಬಂಧದ ಹಿರಿಮೆ ಆ ತೋಟದಲ್ಲಿದೆ. ಹೋಗಾರ್ಥನು ತೋರಿಸಿದ ಕೂಸೂ, ಆ್ಯಬಿ ಪಾಟರ್ಸನ್ನಳು ನೆನೆದ ಮನೆಯವರೂ ಅಲ್ಲಿ ಗೆಳೆಯರ ಗೋಷ್ಠಿಯೊಳಕ್ಕೇ ಬಂದು ಕುಳಿತಿದ್ದಾರೆ. ಸ್ನೇಹಕ್ಕೂ ಸಂಸಾರಕ್ಕೂ ಪಾನಗೃಹವು ಹೂಡುತ್ತ ಬಂದ ಜಗಳಕ್ಕೆ ಅವನು ಕಂಡ ರಾಜಿ ಅದು. ಅಂತಹ ಪಾನಗೃಹ ಇಲ್ಲವೆಂದು ಒಪ್ಪಿಕೊಂಡುದು ಅವನ ಪ್ರಾಮಾಣಿಕತೆ. ಕಳೆದ ಕೆಲವು ದಶಕಗಳಲ್ಲಿ ಬ್ರಿಟನ್ನಿನಲ್ಲಿ ಸಹಸ್ರಾರು ಪಾನಗೃಹಗಳು ಮುಚ್ಚಿಹೋಗಿವೆ. ಅವುಗಳ ಮದ್ಯಕ್ಕಾಗಿ ಈ ನಾಡಿನ ಗೃಹಸ್ಥನು ಮರುಗಬೇಕಾದುದಿಲ್ಲ. ಆದರೆ ಗಿರಣಿಯವನು ವೀರಯೋಧನ ಬೆನ್ನಿಗೇ ಬಾಯಿ ತೆರೆಯಬಹುದಾದ, ಜಾನ್ಸನ್ನನಂತಹ ಒಂಟಿಜೀವ ನಡುರಾತ್ರಿಯವರೆಗೆ ಗೆಳೆಯರ ದನಿ ಕೇಳುತ್ತ ಕೂರಬಹುದಾದ ಮನೆಯೊಂದು ಬಾಗಿಲು ಮುಚ್ಚಿದರೆ, ಆ ನಷ್ಟ ಕುಡಿಯದವನಿಗೂ ತಟ್ಟುವಂತಹುದೇ.