ಶಾಸನದ ಪೆರ್ಗಡೆ, ನಮ್ಮನೆ ಹೆಗಡೆ

ಮನೆತನದ ಚರಿತ್ರೆ ಅಂತ ಅಚ್ಚಾಗುವ ಪುಸ್ತಿಕೆಗಳಲ್ಲಿ ಒಂದು ಚಾಳಿ ಬೆಳೆದಿದೆ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟ ಬಿಡಿಸೋದು, ನಮ್ಮ ಅಡ್ಡಹೆಸರು ಎಲ್ಲಿದೆ ಅಂತ ಹುಡುಕೋದು, ಸಿಕ್ಕಿದವನನ್ನೇ ಮೂಲಪುರುಷನಾಗಿ ಕೂರಿಸೋದು. ನಾಳೆ ದೇವಸ್ಥಾನದಲ್ಲಿ ಮೊದಲ ಪ್ರಸಾದ ಯಾರಿಗೆ ಎಂಬ ತಕರಾರು ಎದ್ದರೆ ಅದೇ ಪುಟ ಸಾಕ್ಷಿಗೆ ಬರುತ್ತದೆ. ಆದ್ದರಿಂದ ಸುಮ್ಮನಿರೋದು ಕಷ್ಟ.

ಹೆಗಡೆ ಎಂಬ ಹೆಸರನ್ನೇ ನೋಡಿ. ಪೆರ್ಗಡೆ, ಪೆಗ್ಗಡೆ, ಹೆಗ್ಗಡೆ, ಹೆಗಡೆ. ಪದ ಸವೆದು ಬಂದ ದಾರಿ ಇದು. ‘ಹೆಗಡೆ’ ಅಂತಲೇ ಹುಡುಕಿದರೆ ಪಕಾರ ಹಕಾರವಾಗುವ ಮುಂಚಿನ ಶಾಸನಗಳೆಲ್ಲ ಕೈತಪ್ಪುತ್ತವೆ. ಅದು ಸಣ್ಣ ತೊಡಕು. ದೊಡ್ಡದೇನೆಂದರೆ, ಚಾಲುಕ್ಯ–ಹೊಯ್ಸಳ ಶಾಸನಗಳಲ್ಲಿ ಪೆರ್ಗಡೆ ಎಂಬುದು ಹುದ್ದೆ. ಸುಂಕದ ಪೆರ್ಗಡೆ, ಮನೆವೆರ್ಗಡೆ ಎಂದೆಲ್ಲ ಬರುವುದು ಅದಕ್ಕೇ. ಇವತ್ತು ಹವ್ಯಕರಲ್ಲಿ, ಬಂಟರಲ್ಲಿ, ಜೈನರಲ್ಲಿ ಎಲ್ಲ ಕಡೆ ಈ ಹೆಸರಿದೆ. ಇವರೆಲ್ಲ ಒಬ್ಬನೇ ಪೆರ್ಗಡೆಯ ಸಂತಾನ ಅನ್ನೋದು, ತಹಸೀಲ್ದಾರರೆಲ್ಲ ಅಣ್ಣತಮ್ಮಂದಿರು ಅಂದ ಹಾಗಾಯ್ತು!

ಹಾಗಂತ ಶಾಸನ ಕೆಲಸಕ್ಕೆ ಬಾರದ್ದಲ್ಲ. ವೀರಗಲ್ಲು, ದಾನಶಾಸನಗಳಲ್ಲಿ ಮಗ, ತಮ್ಮ, ಅಳಿಯ ಅಂತ ಒಂದೆರಡು ತಲೆಮಾರು ಸಿಕ್ಕೇ ಸಿಗುತ್ತದೆ. ಆದರೆ ಆ ಕಲ್ಲಿಗೂ ನಮ್ಮ ಮುತ್ತಜ್ಜನಿಗೂ ನಡುವೆ ಏಳೆಂಟು ನೂರು ವರ್ಷದ ಕಂದಕ. ನಡೆಯಬೇಕಾದ್ದು ಈ ಕಡೆಯಿಂದ. ಪಹಣಿ, ಪಾಲುಪಟ್ಟಿ, 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಕೊಟ್ಟ ಫಾರಂ 7 (ಅದರಲ್ಲಿ ಒಡೆಯನ ಹೆಸರೂ ಇರುತ್ತದೆ), ಅಟ್ಟದ ಮೇಲಿನ ಕಡತ, ಮಠದ ಲೆಕ್ಕಪುಸ್ತಕ. ಉತ್ತರ ಕನ್ನಡದವರು ಇನ್ನೊಂದು ನೆನಪಿಡಬೇಕು: ಆ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಅದಕ್ಕೂ ಹಿಂದಿನ ಸರ್ಕಾರಿ ಕಾಗದ ಬೇಕಾದರೆ ಮದರಾಸಿನ ದಾಖಲೆಗಳನ್ನೂ ನೋಡಬೇಕು. ಬರೀ ಮುಂಬಯಿಯಲ್ಲಿ ಹುಡುಕಿ ‘ಏನೂ ಸಿಗಲಿಲ್ಲ’ ಅಂತ ಕೈಚೆಲ್ಲಿದರೆ ಹೇಗೆ?

ತುಳುನಾಡಿಗೆ ಬಂದರೆ ಲೆಕ್ಕವೇ ತಿರುಗುಮುರುಗು. ಅಳಿಯಸಂತಾನದ ಬಂಟ ಮನೆಗಳಲ್ಲಿ ಕುಟುಂಬ, ಬರಿ, ಆಸ್ತಿ ಎಲ್ಲ ಸಾಗಿದ್ದು ತಾಯಿಯ ಕಡೆಯಿಂದ, ಯಜಮಾನಿಕೆ ಮಾವನಿಂದ ಅಳಿಯನಿಗೆ. ಅಂಥ ಮನೆತನದ ವಂಶವೃಕ್ಷವನ್ನು ಅಪ್ಪ–ಮಗ–ಮೊಮ್ಮಗ ಅಂತ ಬರೆದಿದ್ದರೆ, ಅದನ್ನು ಬರೆದವರು ಮನೆಯ ಹಿರಿಯ ಹೆಂಗಸರನ್ನು ಒಂದು ಮಾತೂ ಕೇಳಿಲ್ಲ ಅಂತಲೇ ನನ್ನ ಗುಮಾನಿ.